ಬಾಣ ಯಾಕೆ ತಪ್ಪು ಕಡೆ ಹೋಯಿತು? ಅಸಮತೆಯ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ಸಂಖ್ಯಾರೇಖೆ ಬರೆದಾಗಿದೆ. ಅದರ ಮೇಲೆ ಸುತ್ತು ಬಿದ್ದಿದೆ, ಬಾಣವೂ ಇದೆ. ಆದರೂ ಪಕ್ಕದಲ್ಲಿ ಕೆಂಪು ಗೀಟು ಬಂದಿದೆ. ಎಲ್ಲಿ ತಪ್ಪಾಯಿತು ಎಂದು ಮಗುವಿಗೆ ಗೊತ್ತಿಲ್ಲ. ಜೊತೆಗೆ ಕೂತ ಅಪ್ಪ ಅಮ್ಮನಿಗೂ ಥಟ್ಟನೆ ಹೇಳಲು ಬರುವುದಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ರಾಜ್ಯದ ಶಾಲೆಗಳಲ್ಲಿ < ಮತ್ತು > ಗುರುತುಗಳು ಪ್ರಾಥಮಿಕ ತರಗತಿಯಲ್ಲೇ ಬರುತ್ತವೆ, ಆದರೆ ಅಸಮತೆಯ (ಒಂದು ಕಡೆ ಇನ್ನೊಂದಕ್ಕಿಂತ ದೊಡ್ಡದು ಅಥವಾ ಚಿಕ್ಕದು ಎಂದು ಹೇಳುವ ಗಣಿತದ ವಾಕ್ಯ) ಪೂರ್ತಿ ಪಾಠ ಸಿಗುವುದು ಪ್ರಥಮ ಪಿಯುಸಿಯಲ್ಲಿ. ಐಸಿಎಸ್‌ಇ ಶಾಲೆಗಳಲ್ಲಿ ಅದು 8ನೇ ತರಗತಿಗೇ ಇದೆ. ಕಾಮನ್ ಕೋರ್ ಎಂಬ ಕಲಿಕೆಯ ಮಾನದಂಡ ಅನುಸರಿಸುವ ಅಮೆರಿಕದ ಶಾಲೆಗಳಲ್ಲಿ 6ನೇ ತರಗತಿಯಲ್ಲೇ ಶುರುವಾಗಿ 7ರಲ್ಲಿ ಮುಂದುವರಿಯುತ್ತದೆ. ಹೀಗಾಗಿ ಅಲ್ಲಿರುವ ಕನ್ನಡದ ಮನೆಗಳಲ್ಲಿ ಅಪ್ಪ ಅಮ್ಮ ಕಾಲೇಜಿನಲ್ಲಿ ಕಲಿತದ್ದನ್ನು ಮಗು 11ನೇ ವಯಸ್ಸಿಗೇ ಮನೆಗೆ ಹೊತ್ತು ತರುತ್ತದೆ.

ನಾನು ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೆಲವರು ಎದುರಿಗೇ ಕೂರುತ್ತಾರೆ, ಕೆಲವರು ವಿಡಿಯೋ ಕರೆಯಲ್ಲಿ. ಈ ಪಾಠದಲ್ಲಿ ಬರುವ ತಪ್ಪುಗಳು ನೋಡಲು ಬೇರೆ ಬೇರೆ. ಆದರೆ ಬಹುಪಾಲು ತಪ್ಪುಗಳ ಬೇರು ಒಂದೇ. ಸಮೀಕರಣ ಬಿಡಿಸಿ ಬಿಡಿಸಿ ಮಗುವಿಗೆ ಉತ್ತರ ಅಂದರೆ ಒಂದು ಸಂಖ್ಯೆ ಎಂದು ರೂಢಿಯಾಗಿಬಿಟ್ಟಿರುತ್ತದೆ. ಅಸಮತೆಯಲ್ಲಿ ಉತ್ತರ ಒಂದು ಸಂಖ್ಯೆಯಲ್ಲ. ಅದೊಂದು ಗುಂಪು. ಯಾರು ಒಳಗೆ, ಯಾರು ಹೊರಗೆ ಎಂದು ತೋರಿಸುವುದಕ್ಕೇ ಆ ಚಿತ್ರ ಇರುವುದು. ಮಗು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಸುಮ್ನೆ ನಿಯಮ ನೆನಪಿಟ್ಟುಕೊಂಡರೆ, ಯಾವ ನಿಯಮ ಎಲ್ಲಿಗೆ ಎಂಬುದು ಕಲಸಿಹೋಗುತ್ತದೆ.

ಇಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯ’ ಎಂದು ಬರೆಯುತ್ತೇನೆ. ಇದು ಹೊಸದೇನಲ್ಲ. ನಮ್ಮ ಹಳೆಯ ಬೀಜಗಣಿತದ ಗ್ರಂಥಗಳಲ್ಲಿ ಗೊತ್ತಿಲ್ಲದ ಮೊತ್ತವನ್ನು ‘ಯಾವತ್ ತಾವತ್’ ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು.

ಮೊದಲ ಕೆಲಸ: ಟೆಸ್ಟರ್ ಇಟ್ಟು ನೋಡುವುದು

ಮನೆಯಲ್ಲಿ ದೀಪ ಹೊತ್ತದಿದ್ದರೆ ಎಲೆಕ್ಟ್ರಿಷಿಯನ್ ಬಂದವನೇ ಗೋಡೆ ಒಡೆಯುವುದಿಲ್ಲ. ಟೆಸ್ಟರ್ ಹಿಡಿದು ಕರೆಂಟು ಎಲ್ಲಿವರೆಗೆ ಬಂದಿದೆ ಎಂದು ನೋಡುತ್ತಾನೆ. ಇಲ್ಲೂ ಹಾಗೇ. ಲೆಕ್ಕವನ್ನು ಅಳಿಸಿ ಮೊದಲಿಂದ ಮಾಡಿಸಬೇಡಿ. ಅಳಿಸಿದರೆ ದೋಷವೂ ಅಳಿಸಿಹೋಗುತ್ತದೆ, ನಾಳೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ.

ಮಗು ಬರೆದ ಚಿತ್ರದಲ್ಲಿ ಸುತ್ತು ಇರುವ ಸಂಖ್ಯೆಯನ್ನು ಗಡಿ ಎಂದು ಕರೆಯೋಣ. ಮೂರು ಪರೀಕ್ಷೆ ಸಾಕು. ಆದರೆ ಇದೇ ಕ್ರಮದಲ್ಲಿ ಮಾಡಬೇಕು. ಮೂರನ್ನೂ ಪ್ರಶ್ನೆಯಲ್ಲಿರುವ ಮೂಲ ಅಸಮತೆಯಲ್ಲೇ ಮಾಡಬೇಕು, ಮಗು ಕೊನೆಗೆ ಬರೆದ ಸಾಲಿನಲ್ಲಿ ಅಲ್ಲ.

ಒಂದು, ಗಡಿ ಸಂಖ್ಯೆಯನ್ನು ಯ ಇರುವಲ್ಲಿ ಹಾಕಿ. ಎಡಗಡೆ, ಬಲಗಡೆ ಎರಡೂ ಸಮ ಬರಬೇಕು. ಬರದಿದ್ದರೆ ಕೂಡಿಸು, ಕಳೆ, ಆವರಣದಲ್ಲೇ ಎಲ್ಲೋ ತಪ್ಪಿದೆ. ಬಾಣದ ಬಗ್ಗೆ ಈಗ ಯೋಚನೆ ಬೇಡ.

ಎರಡು, ಗಡಿ ಸರಿಯಿದ್ದರೆ ಸೊನ್ನೆಯನ್ನು ಹಾಕಿ. ಸೊನ್ನೆಯೇ ಗಡಿಯಾಗಿದ್ದರೆ 1 ಹಾಕಿ. ಬಂದ ಮಾತು ನಿಜವಾದರೆ ಚಿತ್ರದಲ್ಲಿ ಸೊನ್ನೆ ಬಣ್ಣದ ಒಳಗೆ, ಅಂದರೆ ಬಾಣ ಹೋಗುವ ಭಾಗದಲ್ಲಿ, ಇರಬೇಕು. ಸುಳ್ಳಾದರೆ ಹೊರಗೆ. ತಿರುಗುಮುರುಗಾಗಿದ್ದರೆ ದಿಕ್ಕಿನ ದೋಷ.

ಮೂರು, ಗಡಿಯೂ ಸರಿ, ದಿಕ್ಕೂ ಸರಿ ಎಂದಾದರೆ ಸುತ್ತನ್ನು ನೋಡಿ. ಮೂಲ ಪ್ರಶ್ನೆಯಲ್ಲಿ ಸಮ ಇರಲು ಅವಕಾಶ ಇದೆಯೇ? ಇದ್ದರೆ ತುಂಬಿದ ಚುಕ್ಕೆ, ಇಲ್ಲದಿದ್ದರೆ ಖಾಲಿ ಸುತ್ತು.

ಒಮ್ಮೆ ಮಾಡಿ ನೋಡೋಣ. ಪ್ರಶ್ನೆ 3ಯ + 2 ≤ 14 (≤ ಅಂದರೆ ಚಿಕ್ಕದು ಅಥವಾ ಸಮ, ≥ ಅಂದರೆ ದೊಡ್ಡದು ಅಥವಾ ಸಮ). ಮಗುವಿನ ಉತ್ತರ ಯ ≤ 4, ಆದರೆ ಚಿತ್ರದಲ್ಲಿ 4ರ ಮೇಲೆ ಖಾಲಿ ಸುತ್ತು, ಬಾಣ ಎಡಕ್ಕೆ. 4 ಹಾಕಿದರೆ 14 ಮತ್ತು 14, ಗಡಿ ಸರಿ. ಸೊನ್ನೆ ಹಾಕಿದರೆ 2 ≤ 14, ನಿಜ. ಚಿತ್ರದಲ್ಲೂ ಸೊನ್ನೆ ಒಳಗಿದೆ, ದಿಕ್ಕು ಸರಿ. ಉಳಿದದ್ದು ಸುತ್ತು ಮಾತ್ರ. ಇಡೀ ಪುಟಕ್ಕೆ ಬಿದ್ದ ಕೆಂಪು ಗೀಟು ಈಗ ಒಂದು ಚುಕ್ಕೆಯಷ್ಟಾಯಿತು. ಮಗುವಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಎಂದು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಗಡಿಯೇ ತಪ್ಪಿದ್ದರೆ

ಮಗುವಿನ ಗಡಿ ಸಂಖ್ಯೆಯನ್ನೇ ಟೆಸ್ಟರ್ ಮಾಡಿಕೊಳ್ಳಿ. ಕೆಳಗಿನ ಸಾಲಿನಿಂದ ಮೇಲಕ್ಕೆ ಹೋಗಿ. ಒಂದೊಂದು ಸಾಲಿನಲ್ಲೂ ಆ ಸಂಖ್ಯೆ ಹಾಕಿ, ಎರಡು ಕಡೆ ಸಮ ಬರುತ್ತದೆಯೇ ನೋಡಿ. ಸಮ ಇದ್ದದ್ದು ಎಲ್ಲಿ ಮುರಿಯುತ್ತದೋ ದೋಷ ಅಲ್ಲಿದೆ.

ಪ್ರಶ್ನೆ 3(ಯ − 2) ≥ 9. ಮಗು ಬರೆದದ್ದು 3ಯ − 2 ≥ 9, ಆಮೇಲೆ 3ಯ ≥ 11, ಕೊನೆಗೆ ಯ ≥ 11/3. ಈಗ 11/3 ಹಾಕಿ. ಮೂರನೇ ಸಾಲಿನಲ್ಲಿ 11 ಮತ್ತು 11. ಎರಡನೇ ಸಾಲಿನಲ್ಲಿ 9 ಮತ್ತು 9. ಮೊದಲನೇ ಸಾಲಿನಲ್ಲಿ 5 ಮತ್ತು 9. ಒಂದರಿಂದ ಎರಡಕ್ಕೆ ಇಳಿಯುವಾಗ ಆವರಣದ ಒಳಗಿನ 2ಕ್ಕೆ 3 ತಾಗಲೇ ಇಲ್ಲ. ಸರಿಯಾದ ಉತ್ತರ ಯ ≥ 5. ಇದು ಅಸಮತೆಯ ದೋಷವಲ್ಲ, ಹಿಂದಿನ ಪಾಠದ್ದು. ಅದನ್ನು ಮಗುವಿಗೆ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಅಸಮತೆಯೇ ನನಗೆ ಬರುವುದಿಲ್ಲ ಎಂದು ಅದು ತಿಳಿದುಕೊಳ್ಳುತ್ತದೆ.

ಭಿನ್ನರಾಶಿಯ ಗಡಿಯಲ್ಲಿ ಇನ್ನೊಂದು ತೊಂದರೆ ಇದೆ. ಲೆಕ್ಕ ಸರಿ, ಆದರೆ ರೇಖೆಯ ಮೇಲೆ ಜಾಗ ತಪ್ಪು. −2.5 ಅನ್ನು −2 ಮತ್ತು −1ರ ನಡುವೆ ಇಡುವ ಮಕ್ಕಳು ಜಾಸ್ತಿ. ಅವರು ಧನ ಸಂಖ್ಯೆಯ ರೂಢಿಯಲ್ಲಿ ‘ಎರಡು ದಾಟಿ ಇನ್ನರ್ಧ ಬಲಕ್ಕೆ’ ಹೋಗುತ್ತಾರೆ. ಸೊನ್ನೆಯ ಮೇಲೆ ಬೆರಳಿಟ್ಟು ಎಡಕ್ಕೆ ಎರಡೂವರೆ ಹೆಜ್ಜೆ ಹಾಕಿಸಿ. ಸಾಕು.

ದಿಕ್ಕು ತಪ್ಪಿದ್ದರೆ

ಇಲ್ಲಿ ನಿಧಾನ ಬೇಕು. ದಿಕ್ಕಿನ ತಪ್ಪಿಗೆ ಕಾರಣ ಒಂದಲ್ಲ, ನಾಲ್ಕು. ನಾಲ್ಕಕ್ಕೂ ಮದ್ದು ಬೇರೆ.

ಮೊದಲನೆಯದು, ಯ ಬಲಗಡೆ ಇರುವುದು. ‘ಗುರುತಿನ ಮೂತಿ ಎತ್ತ ಇದೆಯೋ ಬಾಣವೂ ಅತ್ತ’ ಎಂದು ಕೆಲವರು ಹೇಳಿಕೊಡುತ್ತಾರೆ. ಯ > 4 ಇದ್ದಾಗ ಅದು ನಡೆಯುತ್ತದೆ. 4 > ಯ ಬಂದ ದಿನ ಕೈಕೊಡುತ್ತದೆ. ಈ ಉಪಾಯವನ್ನು ದಯವಿಟ್ಟು ಹೇಳಿಕೊಡಬೇಡಿ. ಅದು ಮಗುವಿಗೆ ಗುರುತನ್ನು ಓದುವುದನ್ನೇ ಮರೆಸುತ್ತದೆ. 4 > ಯ ಅಂದರೆ 4 ದೊಡ್ಡದು, ಅಂದಮೇಲೆ ಯ ಚಿಕ್ಕದು. ಯ ಕಡೆಯಿಂದ ಗಟ್ಟಿಯಾಗಿ ಓದಿಸಿ: ‘ಯ ನಾಲ್ಕಕ್ಕಿಂತ ಚಿಕ್ಕದು.’ ಹೀಗೆ ಓದಿದ ಮಗು ಬಾಣವನ್ನು ತಾನಾಗಿಯೇ ಎಡಕ್ಕೆ ಎಳೆಯುತ್ತದೆ.

ಎರಡನೆಯದು, ಋಣ ಸಂಖ್ಯೆಗಳ ಹಿರಿ ಕಿರಿಯ ಗೊಂದಲ. ಗುರುತನ್ನು ಮೊಸಳೆಯ ಬಾಯಿ ಎಂದುಕೊಂಡು ‘ಮೊಸಳೆ ದೊಡ್ಡದನ್ನೇ ತಿನ್ನುತ್ತದೆ’ ಎಂದು ಪ್ರಾಥಮಿಕ ಶಾಲೆಯಲ್ಲಿ ಕಲಿತ ಮಗುವಿನ ಮುಂದೆ −7 ಮತ್ತು −2 ಇಡಿ. ಮೊಸಳೆ −7ರ ಕಡೆಗೆ ಬಾಯಿ ತೆರೆದರೆ ಕಾರಣ ಇಲ್ಲೇ ಇದೆ. ಬಾಣದ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ, ಈ ಜೋಡಿಗಳನ್ನು ಸ್ವಲ್ಪ ಹೊತ್ತು ಆಡಿಸಿ. ಋಣ ಅಂದರೆ ಸಾಲ. ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ಕೂಡುವ ಕಳೆಯುವ ನಿಯಮ ಕೊಟ್ಟದ್ದೇ ಧನ, ಋಣ ಎಂಬ ಮಾತುಗಳಲ್ಲಿ. ನಾವು ಇವತ್ತಿಗೂ ಗಣಿತದಲ್ಲಿ ಅದೇ ಪದ ಆಡುತ್ತಿದ್ದೇವೆ. 7 ರೂಪಾಯಿ ಸಾಲ ಇರುವವನ ಕೈ ಬಿಗಿಯೋ, 2 ರೂಪಾಯಿ ಸಾಲ ಇರುವವನದೋ? ಕನ್ನಡದ ಮಗುವಿಗೆ ಉತ್ತರ ಆ ಪದದಲ್ಲೇ ಇದೆ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಜಾಗ. ಋಣ ಸಂಖ್ಯೆಯಿಂದ ಗುಣಿಸಿದಾಗ ಇಲ್ಲವೇ ಭಾಗಿಸಿದಾಗ ಗುರುತು ತಿರುಗಬೇಕು, ಮಗು ತಿರುಗಿಸಿಲ್ಲ. ಒಂದು ಲೆಕ್ಕ ತೆಗೆದುಕೊಳ್ಳೋಣ. ಕೈಯಲ್ಲಿ 300 ರೂಪಾಯಿ ಇದೆ. ಒಂದು ನೋಟ್‌ಬುಕ್ಕಿಗೆ 40 ರೂಪಾಯಿ. ಬಸ್ಸಿಗೆ ಎಂದು ಕಡಿಮೆಯೆಂದರೂ 60 ರೂಪಾಯಿ ಉಳಿಯಬೇಕು. ಎಷ್ಟು ನೋಟ್‌ಬುಕ್ ಕೊಳ್ಳಬಹುದು?

300 − 40ಯ ≥ 60
−40ಯ ≥ −240
ಯ ≥ 6

ಗಡಿ ಪರೀಕ್ಷೆ: 6 ಹಾಕಿದರೆ 60 ಮತ್ತು 60. ಸರಿ. ಸೊನ್ನೆ ಹಾಕಿ: 300 ≥ 60, ನಿಜ. ಆದರೆ ಮಗುವಿನ ಉತ್ತರದ ಪ್ರಕಾರ ಸೊನ್ನೆ ಹೊರಗಿದೆ. ದಿಕ್ಕು ತಪ್ಪಿದೆ. ಎಲ್ಲಿ? ಸೊನ್ನೆಯನ್ನು ಸಾಲು ಸಾಲಾಗಿ ಹಾಕುತ್ತಾ ಬನ್ನಿ. ಮೊದಲ ಸಾಲು ನಿಜ. ಎರಡನೆಯದು 0 ≥ −240, ಅದೂ ನಿಜ. ಮೂರನೆಯದು 0 ≥ 6, ಸುಳ್ಳು. ಎರಡು ಮತ್ತು ಮೂರನೇ ಸಾಲಿನ ನಡುವೆ ಕರೆಂಟು ನಿಂತಿದೆ. ಅಲ್ಲಿ ಮಾಡಿದ್ದು −40ರಿಂದ ಭಾಗಾಕಾರ.

ಈಗ ಯಾಕೆ ತಿರುಗಬೇಕು ಎಂದು ಹೇಳಬೇಕು. ಬಹಳ ಕಡೆ ಇದನ್ನು ಬರೀ ನಿಯಮವಾಗಿ ಬಾಯಿಪಾಠ ಮಾಡಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಯಾಕೆಂದರೆ ಕಾರಣ ನೋಟ್‌ಬುಕ್ಕಿನ ಅಂಗಡಿಯಲ್ಲೇ ಇದೆ. ಹೆಚ್ಚು ಕೊಂಡಷ್ಟೂ ಕಡಿಮೆ ಉಳಿಯುತ್ತದೆ. ಹಾಗಾಗಿ ದುಡ್ಡು ‘ಇಷ್ಟಾದರೂ ಇರಬೇಕು’ ಅಂದರೆ ಪುಸ್ತಕ ‘ಇಷ್ಟನ್ನು ಮೀರಬಾರದು’ ಎಂದೇ ಅರ್ಥ. ಯ ಮುಂದೆ ಇರುವ ಋಣ ಚಿಹ್ನೆ ಹೇಳುವುದೂ ಇದನ್ನೇ: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಆಮೇಲೆ ಸಂಖ್ಯಾರೇಖೆಯಲ್ಲಿ ತೋರಿಸಿ. 2 ಮತ್ತು 5 ಗುರುತು ಮಾಡಿ, ಸೊನ್ನೆಯ ಹತ್ತಿರ ಕಾಗದ ಮಡಿಸಿ. 2 ಹೋಗಿ −2ರ ಮೇಲೆ ಕೂರುತ್ತದೆ, 5 ಹೋಗಿ −5ರ ಮೇಲೆ. ಬಲಗಡೆ ಇದ್ದದ್ದು ಎಡಗಡೆಗೆ ಬಂತು. 2 < 5 ಇದ್ದದ್ದು −2 > −5 ಆಯಿತು. ಮಡಿಸಿದ ಕಾಗದವನ್ನು ಮಕ್ಕಳು ಮರೆಯುವುದಿಲ್ಲ.

ಇಷ್ಟಾದರೂ ಕೈ ತಪ್ಪುವ ಮಗುವಿಗೆ ಬೇರೆ ದಾರಿ ಕೊಡಿ. −40ಯ ಅನ್ನು ಆ ಕಡೆಗೆ ಕಳಿಸಿಬಿಡಿ. 300 ≥ 60 + 40ಯ. ಆಮೇಲೆ 240 ≥ 40ಯ. ಆಮೇಲೆ 6 ≥ ಯ. ಎಲ್ಲೂ ತಿರುಗಿಸುವ ಕೆಲಸವೇ ಬರಲಿಲ್ಲ. ಯ ಕಡೆಯಿಂದ ಓದಿದರೆ ‘ಯ ಆರು ಅಥವಾ ಅದಕ್ಕಿಂತ ಕಡಿಮೆ’. ಇದು ಅಡ್ಡದಾರಿಯಲ್ಲ, ಪೂರ್ತಿ ಸರಿಯಾದ ವಿಧಾನ.

ನಾಲ್ಕನೆಯದು ಮೂರನೆಯದರ ಮದ್ದು ಅತಿಯಾದಾಗ ಬರುವ ಕಾಯಿಲೆ. ಋಣ ಚಿಹ್ನೆ ಕಣ್ಣಿಗೆ ಬಿದ್ದರೆ ಸಾಕು, ಮಗು ಗುರುತು ತಿರುಗಿಸುತ್ತದೆ. 3ಯ < −12 ಇದ್ದಾಗ ಯ > −4 ಎಂದು ಬರೆಯುತ್ತದೆ. ಯ − 5 > 2 ಇದ್ದಾಗ ಯ < 7 ಎನ್ನುತ್ತದೆ. ಬೈಯಬೇಡಿ, ನಿಯಮ ನೆನಪಿಟ್ಟುಕೊಂಡದ್ದರಿಂದಲೇ ಈ ತಪ್ಪು ಬಂದಿದೆ. ಕೇಳಬೇಕಾದ ಪ್ರಶ್ನೆ ಒಂದೇ: ‘ಯಾವುದರಿಂದ ಭಾಗಿಸಿದೆ?’ 3ರಿಂದ. 3 ಧನ ಸಂಖ್ಯೆ. ಆಚೆ ಕಡೆ −12 ಇದ್ದರೆ ಇರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೇ ಲೆಕ್ಕದಲ್ಲಿ ಭಾಗಿಸಿಯೇ ಇಲ್ಲ, 5 ಕೂಡಿಸಿದ್ದು ಅಷ್ಟೇ. ಇಬ್ಬರ ವಯಸ್ಸಿಗೂ ಐದೈದು ವರ್ಷ ಕೂಡಿಸಿದರೆ ಅಕ್ಕ ಅಕ್ಕನೇ, ತಂಗಿ ತಂಗಿಯೇ, ಅಲ್ವಾ?

ಗುರುತು ಹಾಕುವ ಮೊದಲೇ ತಪ್ಪಿದರೆ

ಕೆಲವೊಮ್ಮೆ ಮೂರೂ ಪರೀಕ್ಷೆ ಪಾಸಾಗುತ್ತದೆ, ಆದರೂ ಉತ್ತರ ತಪ್ಪಿರುತ್ತದೆ. ಆಗ ಅಸಮತೆ ಬಿಡಿಸುವುದರಲ್ಲಿ ದೋಷವಿಲ್ಲ. ವಾಕ್ಯವನ್ನು ಅಸಮತೆ ಮಾಡಿದ ಜಾಗದಲ್ಲಿದೆ. ಕನ್ನಡದಲ್ಲಿ ಯೋಚಿಸುವ ಮಕ್ಕಳಿಗೆ ಇಲ್ಲಿ ಕೆಲವು ವಿಶೇಷ ತೊಡಕುಗಳಿವೆ. ಇಂಗ್ಲಿಷ್ ಪುಸ್ತಕದಲ್ಲಿ ಇವುಗಳ ಪ್ರಸ್ತಾಪ ಇರುವುದಿಲ್ಲ, ಅದಕ್ಕೇ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಕನ್ನಡದಲ್ಲಿ ಹೋಲಿಸುವಾಗ ‘ಕ್ಕಿಂತ’ ಅಂಟಿದ ಸಂಖ್ಯೆ ಮೊದಲು ಬರಬಹುದು. ‘10ಕ್ಕಿಂತ ಯ ದೊಡ್ಡದು.’ ಇದು ಸಹಜವಾದ ಮಾತು. ಮಗು ಕೇಳಿದ ಕ್ರಮದಲ್ಲೇ ಬರೆಯುತ್ತಾ ಹೋಗುತ್ತದೆ: 10, ಆಮೇಲೆ ದೊಡ್ಡದು ಎಂಬುದಕ್ಕೆ >, ಆಮೇಲೆ ಯ. 10 > ಯ ಆಯಿತು. ಪೂರ್ತಿ ಉಲ್ಟಾ. ಮದ್ದು ಸುಲಭ. ‘ಕ್ಕಿಂತ’ ಅಂಟಿದ ಪದದ ಕೆಳಗೆ ಗೀಟು ಹಾಕಿಸಿ, ಅದು ಯಾವಾಗಲೂ ಗುರುತಿನ ಬಲಕ್ಕೆ ಹೋಗಲಿ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅದು ಎಡಕ್ಕೆ. ಯ > 10.

ಇದೇ ‘ಕ್ಕಿಂತ’ ಇನ್ನೊಂದು ಕಡೆಯೂ ಸಿಕ್ಕಿಹಾಕಿಸುತ್ತದೆ. ‘ಯ 3ಕ್ಕಿಂತ ಹೆಚ್ಚು’ ಎಂಬುದು ಅಸಮತೆ. ‘ಯಗಿಂತ 3 ಹೆಚ್ಚು’ ಎಂಬುದು ಅಸಮತೆಯೇ ಅಲ್ಲ, ಅದು ಯ + 3 ಎಂಬ ಒಂದು ಸಂಖ್ಯೆ. ರವೆ ಸಕ್ಕರೆಗಿಂತ ಜಾಸ್ತಿ ಅನ್ನುವುದಕ್ಕೂ, ಸಕ್ಕರೆಗಿಂತ 3 ಲೋಟ ಜಾಸ್ತಿ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಎಷ್ಟು ಹೆಚ್ಚು ಎಂದು ಹೇಳಿದ್ದರೆ ಕೂಡಿಸು, ಹೇಳದೇ ಬಿಟ್ಟಿದ್ದರೆ ಅಸಮತೆ.

ಎಲ್ಲಕ್ಕಿಂತ ಹೆಚ್ಚು ಮಕ್ಕಳು ಜಾರುವುದು ‘ಕಡಿಮೆಯೆಂದರೂ’ ಮತ್ತು ‘ಹೆಚ್ಚೆಂದರೆ’ ಎಂಬ ಎರಡು ಪದಗಳಲ್ಲಿ. ‘ಕಮ್ಮಿ ಅಂದ್ರೂ ನೂರು ಜನ ಬಂದಿದ್ದರು’ ಅಂದರೆ 100 ಅಥವಾ ಅದಕ್ಕಿಂತ ಹೆಚ್ಚು. ಆದರೆ ಮಗುವಿನ ಕಿವಿಗೆ ‘ಕಮ್ಮಿ’ ಎಂಬ ಸದ್ದು ಬಿದ್ದಿದೆ, ಕೈ ≤ ಬರೆಯುತ್ತದೆ. ‘ಹೆಚ್ಚೆಂದರೆ ಹತ್ತು ಜನ’ ಅಂದರೆ 10 ಅಥವಾ ಕಡಿಮೆ. ಕೈ ≥ ಬರೆಯುತ್ತದೆ. ಕನಿಷ್ಠ, ಗರಿಷ್ಠ ಎಂಬ ಪುಸ್ತಕದ ಪದಗಳಲ್ಲೂ ಇದೇ ಕತೆ. ಲಿಫ್ಟಿನಲ್ಲಿ ‘ಗರಿಷ್ಠ 8 ಜನ’ ಎಂದು ಬರೆದಿದ್ದರೆ ಅದು ಯ ≤ 8.

ಇದಕ್ಕೆ ನಾನು ಮಾಡಿಸುವುದು ಹೀಗೆ. ವಾಕ್ಯ ಓದಿದ ಕೂಡಲೇ ಗುರುತು ಬರೆಯಲು ಬಿಡುವುದಿಲ್ಲ. ಮೊದಲು ಒಂದು ಉದಾಹರಣೆ ಕೇಳುತ್ತೇನೆ. ‘ಕಮ್ಮಿ ಅಂದ್ರೂ ನೂರು ಜನ ಅಂದರು. 150 ಜನ ಬಂದಿರಬಹುದಾ?’ ಬಂದಿರಬಹುದು. ‘80?’ ಇಲ್ಲ. ‘ಸರಿಯಾಗಿ 100?’ ಹೂಂ, ಬಂದಿರಬಹುದು. ಈಗ ಬರೆ. ಅರ್ಥ ಮಗುವಿಗೆ ಮೊದಲೇ ಗೊತ್ತಿತ್ತು, ಮನೆಯಲ್ಲಿ ದಿನಾ ಕೇಳುವ ಮಾತಲ್ವಾ. ಲೆಕ್ಕದ ಪುಸ್ತಕ ತೆರೆದಾಗ ಆ ಅರ್ಥವನ್ನು ಪಕ್ಕಕ್ಕಿಟ್ಟು ಬರೀ ಪದ ನೋಡಿತ್ತು, ಅಷ್ಟೇ.

‘ಇಲ್ಲ’ ಸೇರಿದ ವಾಕ್ಯಗಳನ್ನೂ ಇದೇ ರೀತಿ ನೋಡಿ. ‘18ಕ್ಕಿಂತ ಕಡಿಮೆ ಇಲ್ಲ’ ಎಂಬುದನ್ನು ಮಕ್ಕಳು ಯ > 18 ಎಂದು ಬರೆಯುತ್ತಾರೆ. ಕಡಿಮೆ ಅಲ್ಲ ಅಂದರೆ ಹೆಚ್ಚು ಎಂದು ತಕ್ಷಣ ತೋರುತ್ತದೆ. ಆದರೆ ನಡುವೆ ಸಮ ಕೂತಿದೆ. ಕಡಿಮೆ ಅಲ್ಲ ಅಂದರೆ ಸಮ ಅಥವಾ ಹೆಚ್ಚು. ನಮ್ಮ ಸಂವಿಧಾನದ 326ನೇ ವಿಧಿ ಮತದಾರರ ವಯಸ್ಸನ್ನು ಹೇಳುವುದು ಹೀಗೆಯೇ, 18 ವರ್ಷಕ್ಕೆ ಕಡಿಮೆ ಇಲ್ಲದವರು ಎಂದು. ಹಾಗಾಗಿ 18 ತುಂಬಿದವರೂ ಒಳಗೆ. ಯ ≥ 18, ತುಂಬಿದ ಚುಕ್ಕೆ. ಮೊದಲು ಅದು 21 ಇತ್ತು. 61ನೇ ತಿದ್ದುಪಡಿ 1989ರ ಮಾರ್ಚ್ 28ರಿಂದ ಜಾರಿಗೆ ಬಂದು 18 ಆಯಿತು. ರೇಖೆಯ ಮೇಲೆ ಎರಡೂ ಚಿತ್ರ ಬರೆಸಿ. ಚುಕ್ಕೆ ಮೂರು ಮನೆ ಎಡಕ್ಕೆ ಜರುಗಿತು, ಬಾಣ ಬಲಕ್ಕೇ ಉಳಿಯಿತು, ಒಳಗೆ ಬಂದವರು ಕೋಟಿಗಟ್ಟಲೆ.

ಸುತ್ತಿನ ದೋಷ

ಖಾಲಿಯೋ ತುಂಬಿದ್ದೋ ಎಂದು ಗೊಂದಲವಾದರೆ ಮೊದಲು ಎರಡು ಪ್ರಶ್ನೆ ಕೇಳಿ. 5 ≤ 5 ಸರಿಯಾ? 3 ≤ 5 ಸರಿಯಾ? ಎರಡನೆಯದಕ್ಕೆ ‘ತಪ್ಪು, 3 ಐದಕ್ಕೆ ಸಮ ಇಲ್ಲವಲ್ಲ’ ಎಂದು ಉತ್ತರ ಬಂದರೆ, ದೋಷ ಸುತ್ತಿನಲ್ಲಿಲ್ಲ, ಗುರುತಿನಲ್ಲಿದೆ. ಮಗು ≤ ಅನ್ನು ‘ಚಿಕ್ಕದು ಮತ್ತು ಸಮ’ ಎಂದು ಓದುತ್ತಿದೆ. ಅದು ‘ಚಿಕ್ಕದು ಅಥವಾ ಸಮ’. ಎರಡರಲ್ಲಿ ಒಂದು ನಡೆದರೂ ಸಾಕು. ಈ ಜೋಡಿ ಗುರುತು < ಜೊತೆಯಲ್ಲೇ ಹುಟ್ಟಿದ್ದಲ್ಲ. < ಮತ್ತು > ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ ಬಂದ ಅವರ ಬೀಜಗಣಿತದ ಪುಸ್ತಕದಲ್ಲಿ. ಅದರ ಕೆಳಗೆ ಸಮ ಚಿಹ್ನೆ ಸೇರಿಸಿ ಬರೆದವರು ಫ್ರಾನ್ಸಿನ ಪಿಯರ್ ಬೂಗೆ, 1734ರಲ್ಲಿ. ಎರಡು ಮಾತನ್ನು ಒಂದೇ ಗುರುತಿನಲ್ಲಿ ಅಡಕಿದ್ದಾರೆ. ಅದನ್ನು ಬಿಡಿಸಿ ಓದಲು ಮಗುವಿಗೆ ಸ್ವಲ್ಪ ಸಮಯ ಬೇಕು.

ಗುರುತು ಸರಿಯಾಗಿ ಓದಿಯೂ ಸುತ್ತು ತಪ್ಪಿದರೆ ಒಂದು ಸಾಲು ಅಭ್ಯಾಸ ಸಾಕು. ‘ಗಡಿಯಲ್ಲಿರುವವನು ಒಳಗೋ ಹೊರಗೋ?’ ಒಳಗಾದರೆ ತುಂಬು.

ಯ > 3:  ──○────▶
ಯ ≥ 3:  ──●────▶

ಇದರ ಪಕ್ಕದಲ್ಲೇ ಅಡಗಿರುವ ಒಂದು ತಪ್ಪಿದೆ. ಯ > 3 ಎಂದಾಗ 4ರ ಮೇಲೆ ತುಂಬಿದ ಚುಕ್ಕೆ ಇಟ್ಟು ಬಲಕ್ಕೆ ಬಾಣ ಎಳೆಯುವುದು. ‘3ಕ್ಕಿಂತ ದೊಡ್ಡದು ಅಂದರೆ 4ರಿಂದ ಶುರು’ ಎಂಬುದು ಮಗುವಿನ ಯೋಚನೆ. 3.5 ಎಲ್ಲಿ ಹೋಯಿತು ಎಂದು ಕೇಳಿ. ಆಮೇಲೆ 3.1. ಆಮೇಲೆ 3.01. 3ರ ಪಕ್ಕದ ಸಂಖ್ಯೆ ಯಾವುದು ಎಂದು ಹುಡುಕಲು ಬಿಡಿ, ಸಿಗುವುದಿಲ್ಲ. ಶುರುವಾಗುವ ಸಂಖ್ಯೆ ಯಾವುದು ಎಂದು ಬೆರಳಿಟ್ಟು ತೋರಿಸಲು ಆಗದೇ ಇರುವುದರಿಂದಲೇ ಖಾಲಿ ಸುತ್ತು ಬೇಕಾಯಿತು. ಈ ಪಾಠದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಮಗುವಿನ ಮುಖದಲ್ಲಿ ಅಚ್ಚರಿ ಕಾಣಿಸಿದರೆ ಅವಸರ ಮಾಡಬೇಡಿ.

ಒಬ್ಬ ಹುಡುಗಿ ಎಲ್ಲವನ್ನೂ ಸರಿ ಮಾಡಿ, ಬಣ್ಣವನ್ನು 10ಕ್ಕೆ ನಿಲ್ಲಿಸಿದ್ದಳು. ಯಾಕೆ ಎಂದರೆ ಪುಸ್ತಕದ ರೇಖೆ ಅಲ್ಲಿಗೇ ಮುಗಿದಿತ್ತು. ನಾನು 1000 ಹಾಕಿ ನೋಡಲು ಹೇಳಿದೆ. ಅವಳು ಹಾಕಿ ನೋಡಿ, ಏನೂ ಮಾತಾಡದೆ ತುದಿಗೆ ಬಾಣದ ಮೊನೆ ಸೇರಿಸಿದಳು.

ಎರಡು ಗಡಿ ಇದ್ದಾಗ

ನಮ್ಮ ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 5 ತುಂಬಿ 12 ಆಗದವರು, ಬರ್ತ್ ಬೇಡ ಎಂದರೆ ಮಕ್ಕಳ ದರದಲ್ಲಿ ಹೋಗಬಹುದು. ಈ ಮಕ್ಕಳ ದರದ ವಯಸ್ಸು 5 ≤ ಯ < 12. ಒಂದು ತುದಿ ತುಂಬಿದ್ದು, ಇನ್ನೊಂದು ಖಾಲಿ. ನಡುವೆ ಗೆರೆ, ಬಾಣ ಎಲ್ಲೂ ಇಲ್ಲ.

ಇಲ್ಲಿ ಬರುವ ತಪ್ಪು ಮುಖ್ಯವಾಗಿ ಎರಡು. 12 > ಯ < 5 ಎಂಬಂಥ ಬರವಣಿಗೆ ಒಂದು. ಗುರುತುಗಳು ಎರಡು ಕಡೆ ಮುಖ ಮಾಡಿದ್ದರೆ ನಿಲ್ಲಿಸಿ, ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ, ಯ ನಡುವೆ ಎಂದು ರೇಖೆಯ ಕ್ರಮದಲ್ಲೇ ಬರೆಸಿ. ಇನ್ನೊಂದು, ‘ಮತ್ತು’ ಹಾಗೂ ‘ಅಥವಾ’ ಅದಲು ಬದಲಾಗುವುದು. ಮಕ್ಕಳ ದರ ಸಿಗಬೇಕಾದರೆ 5 ತುಂಬಿರಬೇಕು ಮತ್ತು 12 ಆಗಿರಬಾರದು. ಎರಡೂ ಬೇಕು, ಹಾಗಾಗಿ ಎರಡು ಗೆರೆ ಒಂದರ ಮೇಲೊಂದು ಬೀಳುವ ಜಾಗ. ಮಕ್ಕಳ ದರ ಸಿಗದವರು ಯಾರು ಎಂದು ಕೇಳಿದರೆ ಯ < 5 ಅಥವಾ ಯ ≥ 12. ಆಗ ಎರಡು ಬಾಣ, ಎರಡು ದಿಕ್ಕಿಗೆ, ನಡುವೆ ಖಾಲಿ. ಎರಡೂ ಚಿತ್ರವನ್ನು ಒಂದರ ಕೆಳಗೊಂದು ಬರೆದರೆ ಒಂದರಲ್ಲಿ ತುಂಬಿದ ಜಾಗ ಇನ್ನೊಂದರಲ್ಲಿ ಖಾಲಿ ಇರುತ್ತದೆ. ಗಡಿಗಳಲ್ಲೂ ಹಾಗೇ.

ಗೆರೆಯೋ, ಚುಕ್ಕೆಗಳೋ?

ನೋಟ್‌ಬುಕ್ಕಿನ ಲೆಕ್ಕಕ್ಕೆ ವಾಪಸ್ ಬನ್ನಿ. ಯ ≤ 6 ಬಂತು. ಮಗು 6ರಿಂದ ಎಡಕ್ಕೆ ಉದ್ದ ಬಾಣ ಎಳೆಯಿತು. ಬಾಣದ ಕೆಳಗೆ 2.5 ಇದೆ, −3 ಇದೆ. ಎರಡೂವರೆ ನೋಟ್‌ಬುಕ್ ಯಾರೂ ಕೊಡುವುದಿಲ್ಲ. ಹಾಗಾಗಿ ಇಲ್ಲಿ 0, 1, 2, 3, 4, 5, 6ರ ಮೇಲೆ ಏಳು ಬಿಡಿ ಚುಕ್ಕೆಗಳು ಮಾತ್ರ. ಎಣಿಸುವ ವಸ್ತುವಾದರೆ ಚುಕ್ಕೆ, ಅಳೆಯುವ ವಸ್ತುವಾದರೆ ಗೆರೆ. ಪ್ರಶ್ನೆಯಲ್ಲಿ ‘ಯ ಒಂದು ಪೂರ್ಣಾಂಕ’ ಎಂದೋ ‘ಸ್ವಾಭಾವಿಕ ಸಂಖ್ಯೆ’ ಎಂದೋ ಚಿಕ್ಕದಾಗಿ ಬರೆದಿರುತ್ತಾರೆ. ಐಸಿಎಸ್‌ಇ ಪ್ರಶ್ನೆಗಳಲ್ಲಿ ಈ ಮಾತು ಸಾಮಾನ್ಯ. ಅದನ್ನು ಓದದೇ ಹೋದರೆ ಅಂಕ ಹೋಗುತ್ತದೆ.

ಯ ಮಾಯವಾದರೆ

ಅಪರೂಪಕ್ಕೆ ಬರುವ ಸಂಗತಿ, ಆದರೆ ಬಂದಾಗ ಮಕ್ಕಳು ಹೆದರಿಬಿಡುತ್ತಾರೆ. 2ಯ + 3 > 2ಯ + 1. ಎರಡೂ ಕಡೆಯಿಂದ 2ಯ ಕಳೆದರೆ 3 > 1 ಉಳಿಯುತ್ತದೆ. ಯ ಇಲ್ಲ, ಗಡಿಯೂ ಇಲ್ಲ, ಸುತ್ತು ಎಲ್ಲಿಡುವುದು? ಮಗು ತಾನು ತಪ್ಪಿದೆ ಎಂದುಕೊಂಡು ಅಳಿಸಲು ಶುರು ಮಾಡುತ್ತದೆ. ತಡೆಯಿರಿ. ಉಳಿದ ಮಾತು ನಿಜವೋ ಸುಳ್ಳೋ ನೋಡಲು ಹೇಳಿ. 3 > 1 ನಿಜ, ಯ ಏನೇ ಇದ್ದರೂ ನಿಜ. ಇಡೀ ರೇಖೆಗೆ ಬಣ್ಣ, ಎರಡು ತುದಿಗೂ ಬಾಣ, ಸುತ್ತು ಎಲ್ಲೂ ಬೇಡ. 2ಯ + 1 > 2ಯ + 3 ಇದ್ದಿದ್ದರೆ 1 > 3 ಉಳಿಯುತ್ತಿತ್ತು, ಅದು ಎಂದೂ ಸುಳ್ಳು. ಆಗ ರೇಖೆಯನ್ನು ಖಾಲಿಯೇ ಬಿಟ್ಟು ಪಕ್ಕದಲ್ಲಿ ‘ಪರಿಹಾರ ಇಲ್ಲ’ ಎಂದು ಬರೆಯಲಿ. ಗುಂಪಿನ ಒಳಗೆ ಯಾರೂ ಇಲ್ಲ ಎಂಬುದೂ ಪೂರ್ತಿ ಉತ್ತರವೇ.